ಚರ್ಮದೊಳಗಿನ ಸುಣ್ಣ: ತಪ್ಪು ಯಾರದು?

ಬೀಜಾಡಿಯ ಕಡಲ ತೀರದಲ್ಲಿ ಸಂಜೆಯ ಹೊತ್ತು ನಡೆದಾಡುವವರ ಕಾಲಿಗೆ ಮೊದಲು ತಾಗುವುದು ಚಿಪ್ಪು. ಕೋಟೇಶ್ವರದ ನೆರೆಯಲ್ಲಿರುವ ಈ ಮರಳ ದಂಡೆಯ ಮೇಲೆ ಅಲೆಗಳು ಹಿಡಿ ಹಿಡಿಯಾಗಿ ಕಪ್ಪೆಚಿಪ್ಪನ್ನು ತಂದು ಚೆಲ್ಲಿ ಹೋಗುತ್ತವೆ. ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಯ ಹಳೆಯ ಕಸುಬು. ಗೋಡೆಗೆ ಬಳಿದದ್ದು ಆ ಸುಣ್ಣ. ವೀಳ್ಯದೆಲೆಗೆ ಹಚ್ಚಿದ್ದೂ ಅದೇ ಸುಣ್ಣ. ಹೀಗೆ ಸುಣ್ಣದೊಡನೆಯೇ ಬಾಳಿಬಂದ ನಮ್ಮ ಜನರು, ಮೈಮೇಲೆ ಬಿಳಿಯ ಗಟ್ಟಿ ಗಂಟೊಂದು ಕಂಡಿತೆಂದರೆ ಕಾರಣಕ್ಕಾಗಿ ಹೆಚ್ಚು ಯೋಚಿಸುವುದಿಲ್ಲ. “ತಿಂದ ಸುಣ್ಣ ಮೈಗೆ ಕಟ್ಟಿತು” ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಈ ತೀರ್ಪಿಗೆ ನಾವೂ ಒಮ್ಮೆ ತಲೆದೂಗಿದ್ದೆವು. ನಮ್ಮ ನೆರೆಮನೆಯಲ್ಲಿ ನಾವು ದೊಡ್ಡಮ್ಮ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಅವರ ಬೆರಳ ತುದಿಗಳಲ್ಲಿ ಅಕ್ಕಿಕಾಳಿನ ಗಾತ್ರದ ಬಿಳಿಯ ಗಟ್ಟಿ ಕಾಳುಗಳು ಎದ್ದಿದ್ದವು. ಒಮ್ಮೆ ಒಂದು ಕಾಳು ಒಡೆದು ಸೀಮೆಸುಣ್ಣವನ್ನು ಕಲಸಿದಂತಹ ದ್ರವ್ಯ ಹೊರಬಂದಿತು. “ಮಾಷ್ಟ್ರೇ, ಇದು ಎಲೆಗೆ ಹಚ್ಚುವ ಸುಣ್ಣವೇ ಅಲ್ಲವೆ?” ಎಂದು ಅವರು ಕೇಳಿದಾಗ, ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವ ನಾವು, ಇರಬಹುದೆಂದೆವು. ಅವರು ಮೊದಲು ಸುಣ್ಣವನ್ನು ಬಿಟ್ಟರು; ಗುಣವಾಗಲಿಲ್ಲ. ಬಳಿಕ ಹಾಲನ್ನು ಬಿಟ್ಟರು. ಮುಳ್ಳು ಸಮೇತ ಅಗಿದು ತಿನ್ನುತ್ತಿದ್ದ ಸಣ್ಣ ಮೀನನ್ನೂ ಬಿಟ್ಟರು. ಹೀಗೆ ಮೂರು ಮಳೆಗಾಲಗಳು ಕಳೆದುವು. ಆ ಮಳೆಗಾಲಗಳಲ್ಲಿ ತಣ್ಣೀರಿನಲ್ಲಿ ಪಾತ್ರೆ ತೊಳೆಯುವಾಗ ಅವರ ಬೆರಳುಗಳು ಮೊದಲು ಬೆಳ್ಳಗಾಗಿ, ಅನಂತರ ನೀಲಿಯಾಗುತ್ತಿದ್ದುದನ್ನು ಮನೆಯವರೆಲ್ಲರೂ ಕಂಡಿದ್ದರು. ಗಂಟಿಗೂ ಅದಕ್ಕೂ ಸಂಬಂಧವಿದ್ದೀತೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ವೈದ್ಯರೊಬ್ಬರು ಕೈಯನ್ನು ನೋಡಿ ಕೇಳಿದ ಮೊದಲ ಪ್ರಶ್ನೆ ಸುಣ್ಣವನ್ನು ಕುರಿತದ್ದಾಗಿರಲಿಲ್ಲ. “ಚಳಿಗೆ ಬೆರಳಿನ ಬಣ್ಣ ಬದಲಾಗುತ್ತದೆಯೆ? ನುಂಗುವಾಗ ಅನ್ನ ಎದೆಯಲ್ಲಿ ನಿಂತಂತಾಗುತ್ತದೆಯೆ?” ಎಂದು ಅವರು ಕೇಳಿದರು. ಎರಡಕ್ಕೂ ಉತ್ತರ ಹೌದು. ರೋಗ ಸ್ಕ್ಲೆರೊಡರ್ಮ, ಎಂದರೆ ಚರ್ಮವನ್ನೂ ಒಳಗಿನ ಅಂಗಗಳನ್ನೂ ಬಿಗಿಗೊಳಿಸುವ ವ್ಯಾಧಿ. ಸುಣ್ಣದ ಕಾಳುಗಳು ಅದರ ಒಂದು ಗುರುತು ಮಾತ್ರ. ರೋಗವನ್ನು ಬಿಟ್ಟು ಗುರುತನ್ನು ಹಿಡಿದು ನಾವು ಮೂರು ವರ್ಷ ಕಳೆದಿದ್ದೆವು.

ಈ ತಪ್ಪಿನ ಮೂಲವೆಲ್ಲಿದೆ? ನಮ್ಮ ಜನರಲ್ಲಿ ಒಂದು ಬಗೆಯ ಬಣ್ಣದ ತರ್ಕ ಬೇರೂರಿದೆ. ಮಗುವಿನ ಉಗುರಿನ ಮೇಲೆ ಬಿಳಿಯ ಚುಕ್ಕೆ ಮೂಡಿದರೆ, ಕೆನ್ನೆಯ ಮೇಲೆ ಬಿಳಿಚಿದ ಮಚ್ಚೆ ಕಂಡರೆ ಕ್ಯಾಲ್ಸಿಯಮ್ ಕಡಮೆಯಾಗಿದೆ ಎನ್ನುತ್ತಾರೆ. ಅದೇ ಮನೆಯಲ್ಲಿ ಅಜ್ಜಿಯ ಬೆರಳಿನಲ್ಲಿ ಬಿಳಿಯ ಗಂಟೆದ್ದರೆ ಕ್ಯಾಲ್ಸಿಯಮ್ ಹೆಚ್ಚಾಗಿದೆ ಎನ್ನುತ್ತಾರೆ. ಉಗುರಿನ ಚುಕ್ಕೆಗೆ ಸಾಮಾನ್ಯವಾಗಿ ಉಗುರಿನ ಬುಡಕ್ಕೆ ತಗುಲಿದ ಸಣ್ಣ ಪೆಟ್ಟು ಕಾರಣ. ಕೆನ್ನೆಯ ಮಚ್ಚೆ ಮಕ್ಕಳಲ್ಲಿ ಬಂದುಹೋಗುವ ಒಂದು ಸೌಮ್ಯವಾದ ಚರ್ಮದ ತೊಂದರೆ. ಹಾಲು ಬೆಳ್ಳಗಿದೆ, ಸುಣ್ಣ ಬೆಳ್ಳಗಿದೆ, ಗಂಟು ಬೆಳ್ಳಗಿದೆ ಎಂಬಷ್ಟರಿಂದ ಅವುಗಳ ನಡುವೆ ಕಾರಣ ಕಾರ್ಯಗಳ ಸಂಬಂಧ ಏರ್ಪಡುವುದಿಲ್ಲ.

ಚರ್ಮದಲ್ಲಿ ಹೀಗೆ ಲವಣ ಕಟ್ಟಿಕೊಳ್ಳುವುದನ್ನು ಜರ್ಮನಿಯ ರೋಗವಿಜ್ಞಾನಿ ರುಡಾಲ್ಫ್ ವಿರ್ಚೋ 1855ರಲ್ಲಿಯೇ ವರ್ಣಿಸಿದನು. ಅಲ್ಲಿ ಕಟ್ಟಿಕೊಳ್ಳುವುದು ನಮ್ಮ ಡಬ್ಬಿಯಲ್ಲಿರುವ ಸುಣ್ಣವಲ್ಲ. ಡಬ್ಬಿಯ ಸುಣ್ಣ ಕ್ಯಾಲ್ಸಿಯಮ್ ಹೈಡ್ರಾಕ್ಸೈಡ್. ಕಡಲ ಚಿಪ್ಪು ಕ್ಯಾಲ್ಸಿಯಮ್ ಕಾರ್ಬೊನೇಟ್. ಚರ್ಮದಲ್ಲಿ ಕೂಡುವುದಾದರೋ ಮುಖ್ಯವಾಗಿ ಕ್ಯಾಲ್ಸಿಯಮ್ ಮತ್ತು ರಂಜಕ ಸೇರಿದ ಫಾಸ್ಫೇಟ್ ಲವಣ. ಅದು ನಮ್ಮ ಎಲುಬನ್ನೂ ಹಲ್ಲನ್ನೂ ಕಟ್ಟಿದ ದ್ರವ್ಯದ ಜಾತಿಯದೇ ಆಗಿದೆ. ವಯಸ್ಕನೊಬ್ಬನ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಮ್ ಇದ್ದು, ಅದರ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿರುತ್ತದೆ. ಎಂದರೆ, ಚರ್ಮದ ಗಂಟು ಹೊರಗಿನಿಂದ ಬಂದ ಕಸವಲ್ಲ. ಎಲುಬಿನಲ್ಲಿ ಇರಬೇಕಾದುದು ಇರಬಾರದ ಕಡೆ ನೆಲಸಿದ್ದು. ಆದುದರಿಂದ “ಎಷ್ಟು ತಿಂದೆ?” ಎಂಬ ಪ್ರಶ್ನೆಗಿಂತ “ಅಲ್ಲಿಯೇ ಏಕೆ ನೆಲಸಿತು?” ಎಂಬ ಪ್ರಶ್ನೆಯೇ ಸರಿಯಾದುದು.

ಈ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೆ ಕಡಲಿಗೇ ಹೋಗೋಣ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಮ್ ಕರಗಿರುತ್ತದೆ. ನಮ್ಮ ರಕ್ತದಲ್ಲಿ ಅದು ಲೀಟರಿಗೆ ಸುಮಾರು 100 ಮಿಲಿಗ್ರಾಂ ಮಾತ್ರ. ನಾಲ್ಕು ಪಟ್ಟು ಕ್ಯಾಲ್ಸಿಯಮ್ ಇರುವ ನೀರಿನಲ್ಲಿ ನಮ್ಮ ಮೀನುಗಾರರು ತಲೆಮಾರುಗಳಿಂದ ನಿಂತು ಬಲೆಯೆಳೆದಿದ್ದಾರೆ. ಅವರ ಕಾಲಿನ ಚರ್ಮ ಸುಣ್ಣಗಟ್ಟಲಿಲ್ಲ. ಗಾಯವಿಲ್ಲದ ಚರ್ಮದ ಹೊರಪದರ ಒಳ್ಳೆಯ ಕೋಟೆ. ಇನ್ನೂ ಆಶ್ಚರ್ಯದ ಸಂಗತಿಯೊಂದಿದೆ. ಕಡಲಿನ ಮೇಲ್ಪದರದ ನೀರು ಕ್ಯಾಲ್ಸಿಯಮ್ ಕಾರ್ಬೊನೇಟಿನ ಮಟ್ಟಿಗೆ ಅತಿಪರ್ಯಾಪ್ತ ದ್ರಾವಣ. ಅದು ಹಿಡಿಸಬಹುದಾದುದಕ್ಕಿಂತ ಹೆಚ್ಚು ಲವಣ ಅದರಲ್ಲಿದೆ. ಆದರೂ ಕಡಲು ತಾನಾಗಿ ಸುಣ್ಣವನ್ನು ಸುರಿಸುವುದಿಲ್ಲ. ನೀರಿನಲ್ಲಿರುವ ಮೆಗ್ನೀಸಿಯಮ್ ಮೊದಲಾದುವು ಹರಳು ಕಟ್ಟುವುದನ್ನು ತಡೆಯುತ್ತವೆ. ಚಿಪ್ಪಿನ ಪ್ರಾಣಿಯಾದರೋ ತನ್ನ ಮೈಯ ಅಂಚಿನಲ್ಲಿ ತಕ್ಕ ನೆಲೆಯನ್ನು ಸಿದ್ಧಪಡಿಸಿಕೊಂಡು ಅದೇ ನೀರಿನಿಂದ ಚಿಪ್ಪನ್ನು ಕಟ್ಟಿಕೊಳ್ಳುತ್ತದೆ.

ಕಲ್ಲುಸಕ್ಕರೆ ತಯಾರಿಸುವುದನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ. ಗಟ್ಟಿಯಾದ ಪಾಕದಲ್ಲಿ ನೂಲನ್ನು ಇಳಿಬಿಟ್ಟರೆ ಹರಳು ನೂಲನ್ನೇ ಹಿಡಿದು ಬೆಳೆಯುತ್ತದೆ. ಹರಳು ಕಟ್ಟುವುದಕ್ಕೆ ದ್ರಾವಣದಲ್ಲಿ ಸಾಕಷ್ಟು ಸಾಮಗ್ರಿ ಬೇಕು. ಹಿಡಿದು ಬೆಳೆಯಲು ನೂಲಿನಂತಹ ನೆಲೆ ಬೇಕು. ತಡೆಯುವ ಕಾವಲು ಇರಬಾರದು, ಇಲ್ಲವೆ ಸೋತಿರಬೇಕು. ಸಾಮಗ್ರಿ, ನೆಲೆ, ಕಾವಲು ಈ ಮೂರು ಮಾತುಗಳನ್ನು ನೆನಪಿಟ್ಟುಕೊಂಡರೆ ಚರ್ಮದ ಸುಣ್ಣದ ಕಾರಣಗಳೆಲ್ಲ ಒಂದು ಕ್ರಮದಲ್ಲಿ ನಿಲ್ಲುತ್ತವೆ.

ಕಾವಲಿನ ವಿಷಯವೇ ಹೆಚ್ಚು ಕುತೂಹಲದ್ದು. ನಮ್ಮ ರಕ್ತವೂ ಎಲುಬಿನ ಲವಣದ ಮಟ್ಟಿಗೆ ಅತಿಪರ್ಯಾಪ್ತವೇ. ಹಾಗಿದ್ದರೂ ನಾವು ಕಲ್ಲಾಗದೆ ಉಳಿದಿರುವುದು ಹೇಗೆ? 1962ರಲ್ಲಿ ಹರ್ಬರ್ಟ್ ಫ್ಲೈಷ್ ಮತ್ತು ಅವರ ಸಹೋದ್ಯೋಗಿ, ದೇಹದಲ್ಲಿರುವ ಪೈರೊಫಾಸ್ಫೇಟ್ ಎಂಬ ಸರಳ ವಸ್ತು ಈ ಹರಳುಗಳನ್ನು ಕಟ್ಟಗೊಡದೆಂದು ತೋರಿಸಿದರು. ಪ್ರೋಟೀನುಗಳಲ್ಲಿಯೂ ಇಂತಹ ಕಾವಲುಗಾರರಿವೆ. ಅಂತಹ ಒಂದು ಪ್ರೋಟೀನನ್ನು ತಯಾರಿಸಲಾರದ ಇಲಿಗಳನ್ನು ವಿಜ್ಞಾನಿಗಳು ಬೆಳೆಸಿ, ಫಲಿತಾಂಶವನ್ನು 1997ರಲ್ಲಿ ಪ್ರಕಟಿಸಿದರು. ಆ ಇಲಿಗಳ ರಕ್ತನಾಳಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸುಣ್ಣಗಟ್ಟಿ, ಒಡೆದು, ಅವು ಸತ್ತುವು. ಅವು ಸುಣ್ಣವನ್ನು ಹೆಚ್ಚಾಗಿ ತಿಂದಿರಲಿಲ್ಲ. ಕಾವಲೊಂದು ಇರಲಿಲ್ಲ, ಅಷ್ಟೆ.

ಈಗ ಕಾರಣಗಳಿಗೆ ಬರೋಣ. ಚರ್ಮದಲ್ಲಿ ಕ್ಯಾಲ್ಸಿಯಮ್ ಕಟ್ಟುವ ಸಂದರ್ಭಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ನೆಲೆ ಕೆಟ್ಟ ಸಂದರ್ಭ. ಇಲ್ಲಿ ರಕ್ತದ ಕ್ಯಾಲ್ಸಿಯಮ್ಮೂ ರಂಜಕವೂ ಸರಿಯಾಗಿಯೇ ಇರುತ್ತವೆ. ಆದರೆ ಪೆಟ್ಟು, ಸುಟ್ಟಗಾಯ, ಹಳೆಯ ಮೊಡವೆಯ ಕಲೆ, ದೀರ್ಘಕಾಲದ ಉರಿಯೂತ ಮೊದಲಾದುವುಗಳಿಂದ ಅಂಗಾಂಶ ಹಾಳಾಗಿರುತ್ತದೆ. ಸ್ಕ್ಲೆರೊಡರ್ಮ ಮತ್ತು ಡರ್ಮಟೊಮಯೋಸೈಟಿಸ್ ಎಂಬ ರೋಗಗಳು ಈ ಗುಂಪಿನಲ್ಲಿ ಮುಖ್ಯವಾದುವು. ಎರಡನೆಯದು ಮಕ್ಕಳಲ್ಲಿ ಬಂದಾಗ ಮೊಣಕೈ, ಮೊಣಕಾಲುಗಳ ಬಳಿ ಇಂತಹ ಗಂಟುಗಳೇಳುವುದು ಹೆಚ್ಚು. ಆರೋಗ್ಯವಂತ ಜೀವಕೋಶದ ಒಳಗೆ ಬಿಡಿ ಕ್ಯಾಲ್ಸಿಯಮ್ಮಿನ ಸಾರತೆ ಹೊರಗಿನದರ ಹತ್ತುಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಕೋಶದ ಪೊರೆ ಹರಿದರೆ ಕಟ್ಟೆಯೊಡೆದ ಕೆರೆಗೆ ನೀರು ನುಗ್ಗಿದಂತೆ ಕ್ಯಾಲ್ಸಿಯಮ್ ಒಳನುಗ್ಗುತ್ತದೆ. ಅಲ್ಲಿಯ ಫಾಸ್ಫೇಟಿನೊಡನೆ ಕೂಡಿ ಮೊದಲ ಹರಳಾಗುತ್ತದೆ. ಸತ್ತ ಕೋಶಗಳು ಪಾಕದೊಳಗಿನ ನೂಲಾಗುತ್ತವೆ. ನಮ್ಮ ದೊಡ್ಡಮ್ಮನ ಬೆರಳಿನಲ್ಲಿ ನಡೆದದ್ದು ಇದು.

ಎರಡನೆಯದು ಸಾಮಗ್ರಿ ಮಿತಿಮೀರಿದ ಸಂದರ್ಭ. ಇಲ್ಲಿ ನೋಡಬೇಕಾದುದು ಕ್ಯಾಲ್ಸಿಯಮ್ ಒಂದನ್ನೇ ಅಲ್ಲ. ಕ್ಯಾಲ್ಸಿಯಮ್ ಮತ್ತು ರಂಜಕಗಳ ಗುಣಲಬ್ಧವನ್ನು. ವಿಲೇಯತೆಯ ಗುಣಲಬ್ಧವನ್ನು ರಸಾಯನಶಾಸ್ತ್ರದ ತರಗತಿಯಲ್ಲಿ ಓದಿದ ವಿದ್ಯಾರ್ಥಿಗಳಿಗೆ ಇದು ಕೂಡಲೇ ಹೊಳೆಯಬೇಕು. ಸಾಮಾನ್ಯ ಮನುಷ್ಯನ 100 ಮಿಲಿಲೀಟರ್ ರಕ್ತದ್ರವದಲ್ಲಿ ಕ್ಯಾಲ್ಸಿಯಮ್ ಸುಮಾರು 9.5 ಮಿಲಿಗ್ರಾಂ, ಫಾಸ್ಫೇಟ್ ರೂಪದ ರಂಜಕ ಸುಮಾರು 3.5 ಮಿಲಿಗ್ರಾಂ, ಗುಣಲಬ್ಧ ಸುಮಾರು 33. ಇದು 70ನ್ನು ಮೀರಿದರೆ ಮೆತ್ತನೆಯ ಅಂಗಗಳಲ್ಲಿ ಲವಣ ಕಟ್ಟುವ ಅಪಾಯ ಹೆಚ್ಚೆಂದು ವೈದ್ಯರು ಎಣಿಸುತ್ತ ಬಂದಿದ್ದಾರೆ. ಮೂತ್ರಪಿಂಡಗಳು ಸೋತಾಗ ರಂಜಕ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ. ಅದು 8 ಮಿಲಿಗ್ರಾಮಿಗೆ ಏರಿತೆನ್ನಿ. ಕ್ಯಾಲ್ಸಿಯಮ್ ಎಂದಿನ 9.5ರಲ್ಲಿಯೇ ನಿಂತಿದ್ದರೂ ಗುಣಲಬ್ಧ 76 ಆಗುತ್ತದೆ. ದೋಷ ರಂಜಕದ್ದು, ಅಪವಾದ ಕ್ಯಾಲ್ಸಿಯಮ್ಮಿಗೆ! ಪ್ಯಾರಾಥೈರಾಯ್ಡ್ ಗ್ರಂಥಿಗಳು ಅತಿಯಾಗಿ ಕೆಲಸಮಾಡಿ ಎಲುಬಿನಿಂದ ಕ್ಯಾಲ್ಸಿಯಮ್ಮನ್ನು ಹೊರಗೆಳೆದಾಗಲೂ, ಜೀವಸತ್ವ ‘ಡಿ’ ವಿಪರೀತವಾದಾಗಲೂ ಇದೇ ಅಪಾಯ.

ಜೀವಸತ್ವ ‘ಡಿ’ಯ ಮಾತಿಗೆ ಅರ್ಜೆಂಟೀನಾದ ದನಗಳು ಸಾಕ್ಷಿ. ಅಲ್ಲಿಯ ತಗ್ಗು ಹುಲ್ಲುಗಾವಲುಗಳಲ್ಲಿ ಮೇಯುವ ದನಗಳು ಸೊರಗಿ ಹೋಗುವುದುಂಟು. ಕೊಯ್ದು ನೋಡಿದರೆ ಅವುಗಳ ರಕ್ತನಾಳ, ಶ್ವಾಸಕೋಶಗಳು ಸುಣ್ಣಗಟ್ಟಿರುತ್ತವೆ. ಮೇವಿನಲ್ಲಿ ಸುಣ್ಣ ಹೆಚ್ಚಾಗಿದ್ದುದು ಇದಕ್ಕೆ ಕಾರಣವಲ್ಲ. ನಮ್ಮ ಬದನೆಯ ಕುಲಕ್ಕೇ ಸೇರಿದ ಒಂದು ಗಿಡದ ಎಲೆಯಲ್ಲಿ ಜೀವಸತ್ವ ‘ಡಿ’ಯ ಅತ್ಯಂತ ಪ್ರಬಲ ರೂಪ ಅಡಗಿರುವುದೇ ಕಾರಣ. ಅದು ಕರುಳು ಹೀರುವ ಪ್ರಮಾಣದ ಮೇಲಿನ ಹಿಡಿತವನ್ನು ಸಡಿಲಿಸಿಬಿಡುತ್ತದೆ.

ಮೂರನೆಯದು ಹೊರಗಿನಿಂದ ನೇರವಾಗಿ ಬರುವುದು. ಕ್ಯಾಲ್ಸಿಯಮ್ ಗ್ಲೂಕೊನೇಟನ್ನು ರಕ್ತನಾಳಕ್ಕೆ ಕೊಡುವಾಗ ಸೂಜಿ ಜಾರಿ ಔಷಧ ಚರ್ಮದಡಿ ಸೋರಿದರೆ ಅಲ್ಲಿ ಗಂಟಾಗಬಹುದು. ಕ್ಯಾಲ್ಸಿಯಮ್ ಕ್ಲೋರೈಡಿನ ಸಾಂದ್ರ ದ್ರಾವಣ ತರಚಿದ ಚರ್ಮಕ್ಕೆ ತಾಗಿ ಹೀಗಾದುದನ್ನು ಪರದೇಶಗಳ ಎಣ್ಣೆಬಾವಿ ಮತ್ತು ಕಲ್ಲಿದ್ದಲ ಗಣಿಯ ಕೆಲಸಗಾರರಲ್ಲಿ ಕಂಡಿದ್ದಾರೆ. ಇಲ್ಲಿಯೂ ಚರ್ಮದ ಕೋಟೆ ಮೊದಲೇ ಒಡೆದಿರಬೇಕೆಂಬುದನ್ನು ಗಮನಿಸಬೇಕು. ಇವಲ್ಲದೆ, ಹುಟ್ಟಿನಿಂದ ಬಂದ ದೋಷದಿಂದ ರಂಜಕವನ್ನು ಹೊರಹಾಕಲಾರದ ಕೆಲವು ಕುಟುಂಬಗಳುಂಟು. ಯಾವ ಕಾರಣವೂ ಗೊತ್ತಾಗದೆ ಗಂಟು ಕಟ್ಟುವವರೂ ಉಂಟು.

ಇಷ್ಟು ಕಾರಣಗಳಲ್ಲಿ “ಊಟದಲ್ಲಿ ಸುಣ್ಣದಂಶ ಹೆಚ್ಚಾಯಿತು” ಎಂಬುದು ಎಲ್ಲಿಯೂ ಒಂಟಿಯಾಗಿ ನಿಲ್ಲುವುದಿಲ್ಲ. ಆದರೆ ಎದುರುವಾದವನ್ನೂ ಮುಚ್ಚಿಡಬಾರದು. 1915ರಲ್ಲಿ ಅಮೆರಿಕದ ವೈದ್ಯ ಸಿಪ್ಪಿ ಹೊಟ್ಟೆಹುಣ್ಣಿಗೆ ಹಾಲು ಮತ್ತು ಕ್ಷಾರಗಳನ್ನು ಗಂಟೆಗಂಟೆಗೂ ಕೊಡುವ ಚಿಕಿತ್ಸೆಯನ್ನು ಪ್ರಕಟಿಸಿದನು. ಅದನ್ನು ಅನುಸರಿಸಿದ ಕೆಲವರಲ್ಲಿ ರಕ್ತದ ಕ್ಯಾಲ್ಸಿಯಮ್ ಏರಿ ಮೂತ್ರಪಿಂಡಗಳು ಕೆಟ್ಟುವು. 1996ರಲ್ಲಿ ತೈವಾನಿನ ವೈದ್ಯರು, ಚಿಪ್ಪಿನ ಸುಣ್ಣ ಹಚ್ಚಿದ ಅಡಿಕೆಯನ್ನು ವಿಪರೀತವಾಗಿ ಅಗಿಯುತ್ತಿದ್ದವರಲ್ಲಿ ಇದೇ ತೊಂದರೆಯನ್ನು ವರದಿಮಾಡಿದರು. ಆದುದರಿಂದ ನಮ್ಮ ದೊಡ್ಡಮ್ಮನ ಸಂಶಯ ಮೂರ್ಖತನದ್ದೇನಲ್ಲ. ಆದರೆ ಇಲ್ಲಿಯೂ ಕ್ಷಾರದ ಅತಿಯೂ ಮೂತ್ರಪಿಂಡದ ಸೋಲೂ ಜೊತೆಗೂಡಿವೆ. ದಿನಕ್ಕೆರಡು ಸಲ ಎಲೆಗೆ ಸವರುವ ಸುಣ್ಣಕ್ಕೂ ಇದಕ್ಕೂ ಬಹಳ ಅಂತರ. ಎಲೆಯಡಿಕೆಯನ್ನು ಬಿಡಬೇಕೆನ್ನುವವರಿಗೆ ಬೇರೊಂದು ಬಲವಾದ ಕಾರಣವಿದೆ. ಅಡಿಕೆ ಅಗಿಯುವುದು ಕ್ಯಾನ್ಸರಿಗೆ ದಾರಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾರಿದೆ. ಸರಿಯಾದ ಕೆಲಸವನ್ನು ತಪ್ಪು ಕಾರಣಕ್ಕಾಗಿ ಮಾಡುವುದರಿಂದ ಮುಂದಿನ ತಪ್ಪಿಗೆ ಹಾದಿಯಾಗುತ್ತದೆ. ದೊಡ್ಡಮ್ಮ ಸುಣ್ಣದ ಬೆನ್ನಿಗೇ ಹಾಲನ್ನೂ ಬಿಟ್ಟರಲ್ಲವೆ?

ಮೂತ್ರದ ಕಲ್ಲಿನ ವಿಷಯದಲ್ಲಿ ಇಂತಹ ಊಹೆ ಹೇಗೆ ತಲೆಕೆಳಗಾಯಿತೆಂಬುದು ಬೋಧಪ್ರದವಾಗಿದೆ. ಕಲ್ಲಿನಲ್ಲಿ ಕ್ಯಾಲ್ಸಿಯಮ್ ಇದೆಯೆಂದು ಕಂಡ ವೈದ್ಯರೇ ಬಹುಕಾಲ ರೋಗಿಗಳಿಗೆ ಹಾಲು ಕಡಮೆಮಾಡಿರೆಂದು ಹೇಳುತ್ತಿದ್ದರು. ಅಮೆರಿಕದ 45,000ಕ್ಕೂ ಹೆಚ್ಚು ಗಂಡಸರನ್ನು ಕುರಿತು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರದಲ್ಲಿ ಹೆಚ್ಚು ಕ್ಯಾಲ್ಸಿಯಮ್ ಸೇವಿಸಿದವರಿಗೇ ಕಲ್ಲು ಕಡಮೆಯೆಂದು ಕಂಡುಬಂದಿತು. ಊಟದ ಕ್ಯಾಲ್ಸಿಯಮ್ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಸಾಗಿಸುತ್ತದೆಂಬುದು ಇದಕ್ಕೆ ಕೊಡುವ ವಿವರಣೆ. ಗಂಟಿನಲ್ಲಿರುವ ವಸ್ತುವೇ ಗಂಟಿನ ಕಾರಣವೆಂಬ ತರ್ಕ ವೈದ್ಯರನ್ನೂ ದಾರಿತಪ್ಪಿಸಿತ್ತು, ನಮ್ಮಂತಹವರ ಪಾಡೇನು!

ನಮ್ಮ ಅಭಿಪ್ರಾಯವನ್ನು ಈಗ ನೇರವಾಗಿ ಹೇಳುತ್ತೇವೆ. ಚರ್ಮದ ಬಿಳಿಯ ಗಂಟಿಗೆ ಹೆದರಿ ವೈದ್ಯರ ಮಾತಿಲ್ಲದೆ ಹಾಲು, ರಾಗಿ, ಸಣ್ಣ ಮೀನುಗಳನ್ನು ಬಿಡುವುದು ಅವಿವೇಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಮ್ ಬೇಕೆಂದು ಹೇಳಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350, ನೂರು ಮಿಲಿಲೀಟರ್ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇರುತ್ತದೆ. ಕುಚ್ಚಲಕ್ಕಿಯ ಗಂಜಿಯೇ ಮುಖ್ಯವಾದ ನಮ್ಮ ಊಟದಲ್ಲಿ ಇವನ್ನೂ ಕಳೆದರೆ ಉಳಿಯುವುದೇನು? ಊಟದಲ್ಲಿ ಕೊರತೆಯಾದರೆ ದೇಹ ತನ್ನ ಎಲುಬನ್ನೇ ಕರಗಿಸಿ ರಕ್ತದ ಮಟ್ಟವನ್ನು ಕಾಯುತ್ತದೆ. ಗಂಟು ಹೋಗುವುದಿಲ್ಲ, ಎಲುಬು ಸವೆಯುತ್ತದೆ.

ಇನ್ನೊಂದು ಕಡೆಯ ಅವಿವೇಕವೂ ಇಷ್ಟೇ ಅಪಾಯಕರ. ಬೆನ್ನು ನೋವೆಂದು ಅಂಗಡಿಗೆ ಹೋಗಿ ಜೀವಸತ್ವ ‘ಡಿ’ಯ ಚುಚ್ಚುಮದ್ದನ್ನು ತಾವಾಗಿಯೇ ತೆಗೆದುಕೊಳ್ಳುವವರಿದ್ದಾರೆ. ಅಂತಹ ಒಂದು ಸೀಸೆಯಲ್ಲಿ 6,00,000 ಘಟಕಗಳಿರುವುದುಂಟು. ವಯಸ್ಕರ ದಿನದ ಅಗತ್ಯ 600 ಘಟಕಗಳೆಂದರೆ, ಅದು 1000 ದಿನಗಳ ಪಡಿ! ಇದನ್ನು ವಾರವಾರವೂ ಚುಚ್ಚಿಸಿಕೊಂಡವರ ರಕ್ತದಲ್ಲಿ ಏನಾದೀತೆಂಬುದನ್ನು ಅರ್ಜೆಂಟೀನಾದ ದನಗಳ ಕಥೆಯಿಂದ ಊಹಿಸಬಹುದು. ಹಾಲಿಗೆ ಹೆದರುವ ಮನೆಯಲ್ಲಿಯೇ ಈ ಸೂಜಿಗೆ ಹೆದರಿಕೆಯಿಲ್ಲದಿರುವುದು ವಿಚಿತ್ರವಾಗಿದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಬಿಳಿಯ ಗಂಟೆಲ್ಲ ಕ್ಯಾಲ್ಸಿಯಮ್ಮಲ್ಲ ಎಂದು ತಿಳಿಯಬೇಕು. ಯೂರಿಕ್ ಆಮ್ಲದ ಗಂಟು, ಕೊಬ್ಬಿನ ಗಂಟು, ಸಾಮಾನ್ಯವಾದ ಬೊಕ್ಕೆ ಇವೂ ಕಣ್ಣಿಗೆ ಹಾಗೆಯೇ ತೋರಬಹುದು. ಇಲ್ಲಿ ಭೌತಶಾಸ್ತ್ರ ನೆರವಿಗೆ ಬರುತ್ತದೆ. ವೈದ್ಯರು ಬಳಸುವ ಕ್ಷ-ಕಿರಣಗಳನ್ನು ಹೀರುವ ಶಕ್ತಿ ಪರಮಾಣು ಸಂಖ್ಯೆಯೊಡನೆ, ಸುಮಾರಾಗಿ ಅದರ ಘನಕ್ಕನುಸಾರವಾಗಿ, ಏರುತ್ತದೆ. ಮಾಂಸದಲ್ಲಿ ಹೆಚ್ಚಾಗಿರುವ ಆಮ್ಲಜನಕದ ಸಂಖ್ಯೆ 8, ಇಂಗಾಲದ್ದು 6, ಕ್ಯಾಲ್ಸಿಯಮ್ಮಿನದು 20. ಆದುದರಿಂದ ಎಲುಬು ಕಾಣುವಂತೆಯೇ ಸುಣ್ಣದ ಗಂಟೂ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಬಳಿಕ ರಕ್ತದ ಕ್ಯಾಲ್ಸಿಯಮ್, ರಂಜಕ, ಮೂತ್ರಪಿಂಡಗಳ ಸ್ಥಿತಿ ಇವುಗಳ ಪರೀಕ್ಷೆ. ಅಗತ್ಯವಿದ್ದರೆ ಕೀಲುರೋಗ ತಜ್ಞರ ಸಲಹೆ. ಗಂಟನ್ನು ಸೂಜಿಯಿಂದ ಕೆದಕಿದರೆ ಹುಣ್ಣಾಗಿ ಕೀವು ತುಂಬುವುದೇ ಲಾಭ. ಮೂತ್ರಪಿಂಡದ ರೋಗಿಯ ಚರ್ಮದಲ್ಲಿ ತೀವ್ರ ನೋವಿನ ಕಪ್ಪು ಮಚ್ಚೆ ಕಂಡರಂತೂ ಒಂದು ದಿನವನ್ನೂ ಕಳೆಯಬಾರದು. ಅದು ಪ್ರಾಣಕ್ಕೆ ಎರವಾಗಬಹುದು. ಕಟ್ಟಿದ ಸುಣ್ಣವನ್ನು ಖಂಡಿತವಾಗಿ ಕರಗಿಸುವ ಔಷಧ ಇನ್ನೂ ಕೈಗೆ ಬಂದಿಲ್ಲ. ಮೂಲರೋಗದ ಚಿಕಿತ್ಸೆ, ಕೆಲವೆಡೆ ಶಸ್ತ್ರಕ್ರಿಯೆ, ಇವೇ ದಾರಿ. ಬೀಜಾಡಿಯಂತಹ ಊರಿನವರಿಗೆ ಇವು ದೂರದ ಮಾತುಗಳಲ್ಲ. 1953ರಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾದ ಮಣಿಪಾಲವು ಕುಂದಾಪುರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆ.

ದೊಡ್ಡಮ್ಮನ ಬೆರಳಿನ ಕಾಳುಗಳು ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಆದರೆ ಮಳೆಗಾಲದಲ್ಲಿ ಅವರು ಬಿಸಿನೀರಿನಲ್ಲಿ ಪಾತ್ರೆ ತೊಳೆಯುತ್ತಾರೆ. ಔಷಧಗಳನ್ನು ತಪ್ಪದೆ ಸೇವಿಸುತ್ತಾರೆ. ಹಾಲನ್ನು ಮತ್ತೆ ಕುಡಿಯುತ್ತಾರೆ. ಕಳೆದ ಮೂರು ವರ್ಷಗಳನ್ನು ಮರಳಿ ಕೊಡಲು ನಮ್ಮಿಂದಾಗದು. ವಿದ್ಯಾರ್ಥಿಮಿತ್ರರು ನಮ್ಮ ತಪ್ಪನ್ನು ಮಾಡಬಾರದೆಂದು ಇಷ್ಟು ಬರೆದೆವು. ಮನೆಯಲ್ಲಿ ನಾಲ್ಕಕ್ಷರ ಓದಿದವರನ್ನು ಹಿರಿಯರು ನಂಬಿ ಪ್ರಶ್ನೆ ಕೇಳುತ್ತಾರೆ. ಗೊತ್ತಿಲ್ಲದಾಗ “ಇರಬಹುದು” ಎಂದು ತಲೆದೂಗುವ ಬದಲು “ಗೊತ್ತಿಲ್ಲ, ತೋರಿಸೋಣ ಬನ್ನಿ” ಎಂದು ಕರೆದುಕೊಂಡು ಹೋದರೆ ಅದೇ ಅವರಿಗೆ ಸಲ್ಲಿಸಬಹುದಾದ ದೊಡ್ಡ ಉಪಕಾರ.